ನಲವತ್ತೊಂದನೇ ನಂಬರು ಗೈರುಹಾಜರು

ಎಡವಟ್ಟೆಲ್ಲ ಶುರುವಾದದ್ದು ಕೋಟಿನಿಂದ.

"ನಿಮಗಿಂತ ಚಿಕ್ಕವರ ನಡುವೆ ಕೂತು ಪರೀಕ್ಷೆ ಬರೀಬೇಕು. ತಲೆ ನೋಡಿದ್ರೆ ಅರ್ಧ ಬಿಳಿ. ಕೋಟಾದ್ರೂ ಹಾಕ್ಕೊಂಡು ಹೋಗಿ, ಯಾರೂ ನಗಲ್ಲ," ಎಂದಳು ಹೆಂಡತಿ. ಹಾಕಿಕೊಂಡ. ಬೇಡ ಎನ್ನಲು ಬಾಯಿ ಬೇಕಲ್ಲ!

ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಗಾಜು ಉಜ್ಜುತ್ತ ಮೂವತ್ತು ವರ್ಷ ಕಳೆದವನು ಅವನು. ಎಲ್ಲರ ಬಾಯಲ್ಲೂ ಕನ್ನಡಕದಯ್ಯ. ಶಾಲೆಯಲ್ಲಿ ಗಣಿತಕ್ಕೆ ಹೆದರಿಯೇ ಓದು ಬಿಟ್ಟಿದ್ದ. ಆದರೆ ದಿನವಿಡೀ ಬೆರಳ ತುದಿಯಲ್ಲಿ ತಿರುಗುವ ಗಾಜು ಎಲ್ಲಿ ಎಷ್ಟು ಬಾಗಬೇಕೆಂದು ಯಾರು ಲೆಕ್ಕ ಹಾಕಿದರೋ ಎಂಬ ಪ್ರಶ್ನೆ ಅವನನ್ನು ಬಿಡಲಿಲ್ಲ. ಕೊನೆಗೆ ದೂರಶಿಕ್ಷಣದಲ್ಲಿ ದೊಡ್ಡವರಿಗೆಂದೇ ಇದ್ದ ಗಣಿತದ ಕೋರ್ಸಿಗೆ ಸೇರಿದ. ಅಂಚೆಯಲ್ಲಿ ಬಂದ ಪುಸ್ತಕಗಳನ್ನು ಫ್ರೇಮಿನ ಡಬ್ಬಿಗಳ ಹಿಂದೆ ಬಚ್ಚಿಟ್ಟು ಓದಿದ. ಎರಡು ಸಲ ಪರೀಕ್ಷೆಗೆಂದು ಹೋಗಿ, ಗೇಟು ನೋಡಿದ್ದೇ ಹೆದರಿ ವಾಪಸ್ಸು ಬಂದಿದ್ದ. ಇದು ಮೂರನೆಯ ಸಲ. ಇದೂ ತಪ್ಪಿದರೆ ಹೆಸರನ್ನೇ ಹೊಡೆದು ಹಾಕುತ್ತಾರೆ.

ಗೇಟಿನೊಳಗೆ ಕಾಲಿಟ್ಟದ್ದೇ ತಡ, ಜವಾನನೊಬ್ಬ ಓಡಿಬಂದು ಮೊಣಕೈ ಹಿಡಿದ.

"ಬಂದ್ರಾ ಸಾರ್! ಹೊರಗಿನ ಕಾಲೇಜಿಂದ ಮೇಲ್ವಿಚಾರಕರು ಬರ್ತಾರೆ ಅಂತ ಆಗಿಂದ ಕಾಯ್ತಿದೀನಿ."

"ಅಲ್ಲಪ್ಪ, ನಾನು..."

"ಗೊತ್ತು ಸಾರ್, ಬಸ್ಸು ಲೇಟು. ಎಲ್ಲರೂ ಅದನ್ನೇ ಹೇಳ್ತಾರೆ. ಬೇಗ ಬನ್ನಿ."

ಗಟ್ಟಿ ಮಾತಾಡುವವರ ಎದುರು ಕನ್ನಡಕದಯ್ಯನಿಗೆ ಮೊದಲಿನಿಂದಲೂ ದನಿ ಏಳುತ್ತಿರಲಿಲ್ಲ. ನೋಡುನೋಡುತ್ತಲೇ ಕೊಠಡಿಯೊಳಗಿದ್ದ. ಕೂತಿದ್ದವರೆಲ್ಲ ದಡಬಡ ಎದ್ದು ನಿಂತರು. ಅವರಿಗಿಂತ ಹೆಚ್ಚು ಬೆಚ್ಚಿದವನು ಅವನೇ. ಅಷ್ಟರಲ್ಲಿ ಪ್ರಶ್ನೆಪತ್ರಿಕೆಯ ಕಟ್ಟು ಕೈಗೆ ಬಂತು, ಗಂಟೆ ಹೊಡೆಯಿತು. ಹಂಚಿದ.

ನಾಚಿಕೆಯ ವಿಷಯವೆಂದರೆ, ಹಂಚುವಾಗ ಪರೀಕ್ಷೆಯ ಹೆದರಿಕೆ ನಿಂತೇಹೋಯಿತು. ಪತ್ರಿಕೆ ಹಂಚುವವನಿಗೆ 'ಬರೆ' ಎನ್ನುವವರು ಯಾರಿದ್ದಾರೆ?

"ನಲವತ್ತೊಂದು ಬಂದಿಲ್ವಾ ಸಾರ್?" ಜವಾನ ಖಾಲಿ ಬೆಂಚಿನತ್ತ ಕೈ ತೋರಿಸಿದ.

"ಬಂದಿದಾನೆ... ಅಂದ್ರೆ..."

"ಎಲ್ಲಿ ಬಂದಿದಾನೆ? ಈ ವಯಸ್ಸಾದವರ ಹಣೆಬರಹವೇ ಇಷ್ಟು ಸಾರ್. ಸೇರೋವಾಗ ಹುರುಪು, ಬರೆಯೋವಾಗ ಪುಕ್ಕಲು. ಗೈರು ಅಂತ ಕೆಂಪು ಶಾಯೀಲಿ ಬರೀರಿ."

ಕನ್ನಡಕದಯ್ಯ ತನ್ನ ಹೆಸರಿನ ಎದುರು ತಾನೇ ಗೈರು ಎಂದು ಬರೆದ. ತನ್ನ ತಿಥಿಗೆ ತಾನೇ ಊಟಕ್ಕೆ ಕೂತ ಹಾಗಾಯಿತು.

ಮಾಡಲು ಬೇರೇನೂ ಇಲ್ಲದೆ, ಉಳಿದಿದ್ದ ಒಂದು ಪತ್ರಿಕೆಯ ಮೇಲೆ ಕಣ್ಣಾಡಿಸಿದ. ಒಂದನೆಯ ಪ್ರಶ್ನೆ ಬರುತ್ತದೆ. ಎರಡನೆಯದೂ ಬರುತ್ತದೆ. ಮುಂದಿನ ಸಾಲಿನಲ್ಲಿ ಬಿಳಿ ಸಮವಸ್ತ್ರದಲ್ಲೇ ಬರೆಯಲು ಕೂತಿದ್ದ ನರ್ಸಮ್ಮ ಎದ್ದು, "ಸಾರ್, ಮೂರನೇದು ಬಿಡಿಸೋಕೇ ಆಗ್ತಿಲ್ಲ," ಎಂದಳು. ಅವನು ನೋಡಿದ. "ಅಲ್ಲಿ ಋಣ ಚಿಹ್ನೆ ಬಿಟ್ಟುಹೋಗಿದೆಯಮ್ಮ, ಅಚ್ಚಿನ ತಪ್ಪು," ಎಂದುಬಿಟ್ಟ. ಇಡೀ ಕೊಠಡಿ ತಲೆಯೆತ್ತಿ ಅವನನ್ನು ನೋಡಿತು.

ಆಗ ಹಿಡಿಯಿತು ನಿಜವಾದ ಹೆದರಿಕೆ. ಇಷ್ಟು ವರ್ಷ ಬರುವುದಿಲ್ಲವೆಂದು ಹೆದರಿದ್ದ. ಈಗ ಹತ್ತರಲ್ಲಿ ಎಂಟು ಬರುತ್ತವೆ, ಬರೆಯುವ ಬೆಂಚು ಕಣ್ಣೆದುರೇ ಖಾಲಿ ಬಿದ್ದಿದೆ, ಗೋಡೆಯ ಗಡಿಯಾರ ಓಡುತ್ತಿದೆ. ಅರ್ಧ ಗಂಟೆ ಕಳೆದರೆ ಯಾರನ್ನೂ ಕೂರಿಸುವಂತಿಲ್ಲ. ಆಗಲೇ ಇಪ್ಪತ್ತೆರಡು ನಿಮಿಷ!

"ಸ್ವಲ್ಪ ನೋಡ್ಕೊಳಪ್ಪ," ಎಂದು ಜವಾನನಿಗೆ ಹೇಳಿ, ಸೂಪರಿಂಟೆಂಡೆಂಟರ ಕೋಣೆಗೆ ಓಡಿದ.

ದೊಡ್ಡ ಮೇಜಿನ ಹಿಂದೆ, ದೊಡ್ಡ ಕುರ್ಚಿಯಲ್ಲಿ, ಬೋಳು ತಲೆಯ ಗಂಭೀರ ವ್ಯಕ್ತಿಯೊಬ್ಬರು ಕೂತಿದ್ದರು. ಆದರೂ ಕನ್ನಡಕದಯ್ಯ ದೊಡ್ಡವರೊಬ್ಬರ ಎದುರು ಜೀವನದಲ್ಲಿ ಮೊದಲ ಸಲ ಒಂದು ಮಾತನ್ನು ಪೂರ್ತಿ ಆಡಿದ.

"ಸಾರ್, ತಪ್ಪಾಗಿದೆ. ನಾನು ಮೇಲ್ವಿಚಾರಕ ಅಲ್ಲ, ಪರೀಕ್ಷೆ ಬರೆಯೋಕೆ ಬಂದವನು. ಆ ನಲವತ್ತೊಂದು ನಾನೇ. ದಯವಿಟ್ಟು ಕೂರಿಸಿ ಸಾರ್." ಹಾಲ್ ಟಿಕೆಟ್ಟನ್ನು ಮೇಜಿನ ಮೇಲಿಟ್ಟ.

ಅವರ ಮುಖ ಸುಣ್ಣ ಬಳಿದಂತಾಯಿತು. ಮೆಲ್ಲಗೆ ಎದ್ದು ಬಾಗಿಲು ಮುಚ್ಚಿ ಬಂದರು. ಮೇಜಿನ ಖಾನೆ ಎಳೆದು, ಅಲ್ಲಿಂದ ಒಂದು ಚೀಟಿ ತೆಗೆದು ಅವನ ಹಾಲ್ ಟಿಕೆಟ್ಟಿನ ಪಕ್ಕದಲ್ಲಿಟ್ಟರು.

ಅದೂ ಹಾಲ್ ಟಿಕೆಟ್ಟೇ. ಅದೇ ಕೋರ್ಸು, ಅದೇ ಪತ್ರಿಕೆ. ನಂಬರು ಹನ್ನೆರಡು.

"ನಂದು ಔಷಧಿ ಅಂಗಡಿ," ಎಂದರು ಅವರು ಪಿಸುಮಾತಿನಲ್ಲಿ. "ನನ್ನ ಕೊಠಡಿ ಯಾವುದು ಅಂತ ಕೇಳೋಕೆ ಬಂದೆ. ಆ ಜವಾನ ಬೀಗದ ಕೈ ಕೊಟ್ಟು ಕೂರಿಸ್ಬಿಟ್ಟ. ಆಗಲೇ ನಲವತ್ತು ಕಡೆ ಸಹಿ ಹಾಕಿದೀನಿ. ನೀವಾದ್ರೂ ನನ್ನ ಹತ್ರ ಬಂದ್ರಿ. ನಾನು ಯಾರ ಹತ್ರ ಹೋಗ್ಲಿ?"

"ಹಾಗಾದ್ರೆ ನಿಜವಾದ ಸೂಪರಿಂಟೆಂಡೆಂಟರು?"

"ಫೋನ್ ಮಾಡಿದ್ರು. ಜ್ವರವಂತೆ. ಯಾರಾದ್ರೂ ಕೂತ್ಕೊಳ್ಳಿ ಅಂದ್ರು."

ಹೊರಗೆ ಕಾರು ನಿಂತ ಸದ್ದು. ಕಿಟಕಿಯಲ್ಲಿ ಇಣುಕಿದ ಔಷಧಿಯವರು ಎರಡೂ ಟಿಕೆಟ್ಟುಗಳನ್ನು ಗಬಕ್ಕನೆ ಬಾಚಿ ಖಾನೆಗೆ ತುರುಕಿದರು.

"ತಪಾಸಣೆಯ ಸ್ಕ್ವಾಡ್ ಬಂತು! ಈಗ ಬಾಯಿ ಬಿಟ್ರೆ ಇಬ್ಬರನ್ನೂ ನೇರ ಪೊಲೀಸರ ಕೈಗೇ ಕೊಡ್ತಾರೆ. ಹೋಗಿ ಸಾರ್, ನಿಮ್ಮ ಕೊಠಡಿಗೆ ಹೋಗಿ. ಮೇಲ್ವಿಚಾರಕರು ನಡುಗಬಾರದು."

"ನೀವೂ ಬೆವರು ಒರೆಸ್ಕೊಳ್ಳಿ ಸಾರ್," ಎಂದು ಕನ್ನಡಕದಯ್ಯ ಓಡಿದ.

ಅವನು ಕೊಠಡಿಯ ಬಾಗಿಲು ದಾಟುವುದಕ್ಕೂ ಅರ್ಧ ಗಂಟೆಯ ಗಂಟೆ ಹೊಡೆಯುವುದಕ್ಕೂ ಸರಿಹೋಯಿತು. ಹಿಂದೆಯೇ ಸ್ಕ್ವಾಡಿನ ಹಿರಿಯರು ಒಳಬಂದರು, ಅವರ ಬೆನ್ನಿಗೆ ಔಷಧಿಯವರು. ಹೆದರಿಕೆಗೆ ಕಂಬದಂತೆ ಸೆಟೆದು ನಿಂತಿದ್ದ ಕನ್ನಡಕದಯ್ಯನನ್ನು ಹಿರಿಯರು ಅಡಿಯಿಂದ ಮುಡಿಯವರೆಗೆ ನೋಡಿದರು. ಅಚ್ಚಿನ ತಪ್ಪು ಹಿಡಿದವರು ಇವರೇ ಎಂದು ನರ್ಸಮ್ಮ ಬೇರೆ ಹೇಳಿದಳು.

"ಭೇಷ್! ಗಣಿತ ಬಲ್ಲ ಮೇಲ್ವಿಚಾರಕರು ಸಿಗೋದೇ ಕಷ್ಟ," ಎಂದು ಹಿರಿಯರು ಔಷಧಿಯವರ ಕಡೆ ತಿರುಗಿದರು. "ಇನ್ನು ಮೂರು ಪತ್ರಿಕೆ ಇವೆಯಲ್ಲ, ಅಷ್ಟಕ್ಕೂ ಇವರನ್ನೇ ಹಾಕಿ. ನೀವೂ ಆ ಕುರ್ಚಿ ಬಿಟ್ಟು ಕದಲಬೇಡಿ."

"ಆಗಲಿ ಸಾರ್," ಎಂದರು ಇಬ್ಬರೂ ಒಟ್ಟಿಗೆ.