ಹೂ ಮುಡಿದ ಬೀಗ

ಎಲ್ಲ ಅನರ್ಥಕ್ಕೂ ಕಾರಣ ನಲ್ಲಪ್ಪನ ಪಾಸ್‌ಪೋರ್ಟ್ ಸೈಜಿನ ಫೋಟೋ.

ಶಿಡ್ಲಘಟ್ಟದ ಒಂದು ರೇಷ್ಮೆ ನೂಲಿನ ಕಾರ್ಖಾನೆಯಲ್ಲಿ ಅವನು ಎಂಟು ವರ್ಷದಿಂದ ದಿನಗೂಲಿ ಫಿಟ್ಟರ್. ಅವತ್ತಿನ ಇನ್‌ಸ್ಪೆಕ್ಷನ್ ಸಸೂತ್ರ ಮುಗಿದರೆ ಕಾಯಂ ಮಾಡುವುದಾಗಿ ಓನರ್ ಹರಿಕೃಷ್ಣ ಮಾತು ಕೊಟ್ಟಿದ್ದರು. ಪಾಪ, ನಲ್ಲಪ್ಪ ಬೆಳಿಗ್ಗೆಯೇ ಕೆಂಪು ಚೀಟಿಗಳನ್ನು ಕಟ್ಟಿದ: ಮೇನ್ ಸ್ವಿಚ್ಚಿಗೆ ‘ಅಪಾಯ, ಕರೆಂಟು’, ವಾಲ್ವಿಗೆ ‘ಅಪಾಯ, ಬಿಸಿ ಆವಿ’, ಟ್ಯಾಂಕಿಗೆ ‘ಅಪಾಯ, ಒತ್ತಡದ ಗಾಳಿ’. ತಾನು ಒಳಗಿರುವಾಗ ಯಾರೂ ಚಾಲೂ ಮಾಡದಂತೆ ಮೂರಕ್ಕೂ ಬೀಗ ಜಡಿದ. ಬೀಗ ಹಾಕಿದವನ ಹೆಸರು, ಫೋಟೋ ಚೀಟಿಯ ಮೇಲಿರಬೇಕೆಂಬುದು ನಿಯಮ, ಅದನ್ನೂ ಅಂಟಿಸಿದ. ಬೀಗದ ಕೈಗಳನ್ನು ಜೇಬಿಗೆ ಹಾಕಿಕೊಂಡು, ಆರಿದ ಬಾಯ್ಲರಿನೊಳಗೆ ಮಸಿ ಕೆರೆಯಲು ತೂರಿಕೊಂಡ.

ಅವತ್ತು ಶುಕ್ರವಾರ. ನೂಲು ತೆಗೆಯುವ ಮುನಿಗಂಗಮ್ಮ ವಾರವಾರವೂ ಯಂತ್ರಗಳಿಗೆ ಪೂಜೆ ಮಾಡುವವಳು. ಯಂತ್ರಕ್ಕೆ ಪೂಜೆ ಮಾಡಿ ಮನುಷ್ಯನನ್ನು ಬಿಡುವುದು ಹೇಗೆಂದು ಮೂರು ಫೋಟೋಗಳಿಗೂ ಕುಂಕುಮವಿಟ್ಟು, ಸೇವಂತಿಗೆ ಹಾರ ಹಾಕಿ, ಊದುಬತ್ತಿ ಹಚ್ಚಿ ಊಟಕ್ಕೆ ಹೋದಳು.

ಮಧ್ಯಾಹ್ನದ ಪಾಳಿಗೆ ಬಂದ ಚಿರಂಜೀವಿ ಬಾಗಿಲಲ್ಲೇ ನಿಂತುಬಿಟ್ಟ. ಯಂತ್ರಗಳೆಲ್ಲ ಸ್ತಬ್ಧ. ಮೇಲೆ ‘ಅಪಾಯ’, ಕೆಳಗೆ ಹಾರ ಹಾಕಿದ ನಲ್ಲಪ್ಪ. ಗೊಳೋ ಎನ್ನುತ್ತ ಓನರಿಗೆ ಫೋನು ಮಾಡಿದ.

"ಸಾರ್, ನಲ್ಲಪ್ಪಣ್ಣ ಹೋಗ್ಬಿಟ್ರು ಸಾರ್! ಕರೆಂಟೋ ಆವಿನೋ ಗೊತ್ತಿಲ್ಲ, ಮೂರು ಕಡೇನೂ ಫೋಟೋ ಇಟ್ಟವ್ರೆ!"

ಹರಿಕೃಷ್ಣ ಅಳಲಿಲ್ಲ. ಆಫೀಸಿನಲ್ಲಿದ್ದ ಹಾಜರಿ ಪುಸ್ತಕದಿಂದ ನಲ್ಲಪ್ಪನ ಹಾಳೆಯನ್ನು ಹರಿದು ಜೇಬಿಗಿಳಿಸಿದರು. ಅಷ್ಟರಲ್ಲಿ ಕಾರ್ಖಾನೆ ಇನ್‌ಸ್ಪೆಕ್ಟರರ ಜೀಪು ಬಂತು. ಒಳಗೆ ಬಂದವರೇ ಅವರು ಚೀಟಿಗಳ ಮುಂದೆ ನಿಂತರು.

"ಈ ನಲ್ಲಪ್ಪ ಯಾರ್ರೀ? ಹಾರ ಯಾಕೆ?"

"ಗೊತ್ತಿಲ್ಲ ಸಾರ್. ಆ ಹೆಸರಿನೋರು ನಮ್ಮಲ್ಲಿ ಯಾವತ್ತೂ ಕೆಲ್ಸ ಮಾಡಿಲ್ಲ. ಬೇಕಾದ್ರೆ ಪುಸ್ತಕ ನೋಡಿ."

ಇನ್‌ಸ್ಪೆಕ್ಟರ್ ಅದನ್ನೇ ಬರೆದುಕೊಂಡು ಸಹಿ ಹಾಕಿಸಿಕೊಂಡರು. ಸಹಿಯ ಶಾಯಿ ಆರುವ ಮೊದಲೇ ಬಾಯ್ಲರಿನಿಂದ ಕಪ್ಪಗಿನ ಆಕೃತಿಯೊಂದು ತೆವಳಿಕೊಂಡು ಬಂತು. ಚಿರಂಜೀವಿ ಕಿಟಾರನೆ ಕಿರುಚಿದ.

"ನಾನೇ ನಲ್ಲಪ್ಪ ಸಾರ್," ಎಂದು ಆಕೃತಿ ಹಲ್ಲು ಬಿಟ್ಟಿತು. "ಚೀಟಿ ಎಲ್ಲಾ ಸರಿಯಾಗಿದ್ಯಾ ಸಾರ್?"

ಹರಿಕೃಷ್ಣ ತಮ್ಮ ಸಹಿಯನ್ನೊಮ್ಮೆ, ಅವನನ್ನೊಮ್ಮೆ ನೋಡಿದರು.

"ಯಾರಪ್ಪ ನೀನು?"

ನಲ್ಲಪ್ಪ ಪಾಳಿಗೆ ಬಂದಿದ್ದವರ ಮುಖಗಳನ್ನು ಒಂದೊಂದಾಗಿ ನೋಡಿದ. ಎಲ್ಲರೂ ನೆಲ ನೋಡುತ್ತಿದ್ದರು.

"ಚೀಟಿ ಫಸ್ಟ್ ಕ್ಲಾಸಾಗಿದೆ," ಎಂದರು ಇನ್‌ಸ್ಪೆಕ್ಟರ್. "ಆದ್ರೆ ಹೊರಗಿನವರು ಇಲ್ಲಿ ಬೀಗ ಹಾಕೋ ಹಾಗಿಲ್ಲ. ಹಾಕಿದವನೇ ತೆಗೀಬೇಕು ಅಂತ ರೂಲ್ಸಿದೆ. ತೆಗೆದು ಹೊರಡಿ."

ನಲ್ಲಪ್ಪ ಮೂರು ಬೀಗಗಳನ್ನೂ ತೆಗೆದ. ಹಾರಗಳನ್ನು ಕಿತ್ತು ಗೇಟಿನ ಆಚೆ ಎಸೆಯಲು ಹೊರಟಾಗ, ಊಟ ಮುಗಿಸಿ ಬಂದ ಮುನಿಗಂಗಮ್ಮ ಕೈ ಹಿಡಿದಳು.

"ಬಿಸಾಕ್ಬೇಡ ಕಣಪ್ಪ, ಮನೇಗೆ ತಕ್ಕೊಂಡೋಗು. ನಿನ್ ಕೆಲ್ಸ ಕಾಯಂ ಆಗ್ಲಿ ಅಂತ್ಲೇ ಬೇಡ್ಕೊಂಡು ಹಾಕಿದ್ದೆ."