ಮಾರಿದರೂ ಕರಗದ ಸೌಟಿನ ರಾಶಿ

ಹೊಟ್ಟೆಪಾಡಿನ ಕೆಲಸಕ್ಕೆ ಬೇಸರ ಬಂದರೆ ಹಸಿವೆಯೇ ಕುತ್ತಿಗೆ ಹಿಡಿದು ಕೂರಿಸುತ್ತದೆ. ಧರ್ಮದ ಕೆಲಸಕ್ಕೆ ಬೇಸರ ಬಂದರೆ ಕೂರಿಸುವವರು ಯಾರೂ ಇಲ್ಲ. ಇದನ್ನು ನಾನು ಶಾಲೆಯಲ್ಲಿ ಕಲಿತದ್ದಲ್ಲ. ಮೂರನೇ ಇಯತ್ತೆಗೇ ಶಾಲೆಗೆ ಕೈಮುಗಿದು ಉಳಿ ಹಿಡಿದವನು ನಾನು. ಶಿರಸಿ ಪೇಟೆಯಲ್ಲಿ ನಾನು ಮಾಡಿದ ಬಾಗಿಲು ಕಿರುಗುಟ್ಟಿತೆಂದು ಯಾರಾದರೂ ಹೇಳಿದರೆ, ತಪ್ಪು ಬಾಗಿಲಿನದಲ್ಲ, ಗೋಡೆಯದು ಎಂದು ಸಾಧಿಸಿ ಬರುವಷ್ಟು ಜಂಭವೂ ನನಗುಂಟು.

ಬಿಹಾರದಲ್ಲಿ ಭೂಮಿ ನಡುಗಿ ಊರೂರೇ ಮಣ್ಣುಪಾಲಾದ ಸುದ್ದಿಯನ್ನು ಖಾದರ್ ಸಾಹೇಬರು ತಮ್ಮ ಅಂಗಡಿಯ ಜಗಲಿಯಲ್ಲಿ ಕೂತು ಪೇಪರಿನಿಂದ ಓದಿ ಹೇಳಿದಾಗ ಕೇಳಿದವರ ಕಣ್ಣೆಲ್ಲ ಒದ್ದೆಯಾಯಿತು. ಕೊಡಲು ದುಡ್ಡಿಲ್ಲ, ಕೈಯಂತೂ ಇದೆ. ನಾನು ತೆಂಗಿನ ಚಿಪ್ಪಿಗೆ ಬಿದಿರಿನ ಹಿಡಿ ಹಾಕಿ ಸೌಟು ಮಾಡುವುದು, ನೆರೆಮನೆಯ ಗಂಗಕ್ಕ ಚಾಪೆ ಹೆಣೆಯುವುದು, ಸಾಹೇಬರು ಅವನ್ನು ಜಗಲಿಯಲ್ಲಿಟ್ಟು ಮಾರಿ ಬಂದ ದುಡ್ಡನ್ನು ಬಿಹಾರಕ್ಕೆ ಕಳಿಸುವುದು ಎಂದಾಯಿತು. ಮೊದಲ ವಾರ ನಮ್ಮ ಉಮೇದು ನೋಡಬೇಕಿತ್ತು. ಊಟಕ್ಕೆ ಕರೆದರೆ ನನಗೆ ಸಿಟ್ಟು ಬರುತ್ತಿತ್ತು.

ಎರಡನೇ ವಾರ ಗಂಗಕ್ಕ ಹೆಣಿಗೆ ನಿಲ್ಲಿಸಿದಳು. “ಎಂತಕ್ಕೆ ಹೆಣೆಯದು ಮಾರಾಯ? ಜಗಲಿ ಮೇಲೆ ರಾಶಿ ಹಾಂಗೇ ಉಂಟು. ನನ್ನ ಚಾಪೆ ಮೇಲೆ ಸಾಹೇಬರ ಬೆಕ್ಕು ಮಲಗ್ತದೆ, ಅಷ್ಟೆ.” ನನ್ನ ಕೈಯೂ ಆಗಲೇ ಜಡವಾಗಿತ್ತು. ಸಾಹೇಬರನ್ನೇ ಕೇಳಲು ಹೋದೆ.

“ಖರ್ಚಾಗಿಲ್ಲ ಅಂತ ಯಾರು ಹೇಳಿದ್ದು? ಈ ಒಂದು ಸೌಟನ್ನೇ ಒಂಬತ್ತು ಸಲ ಮಾರಿದ್ದೇನೆ ಮೇಸ್ತ್ರಿ,” ಎಂದರು ಅವರು. “ದುಡ್ಡು ಕೊಡ್ತಾರೆ, ಸೌಟು ಹೊಗಳ್ತಾರೆ, ಇಲ್ಲೇ ಇಟ್ಟು ಹೋಗ್ತಾರೆ. ದಾನ ಮಾಡಿ ಸಾಮಾನು ಮನೆಗೆ ಒಯ್ದ್ರೆ ಪುಣ್ಯ ಎಲ್ಲಿ ಉಳೀತದೆ ಅಂತಾರೆ.”

“ಹಾಗಾದ್ರೆ ಒಳ್ಳೇದೇ ಆಯ್ತಲ್ಲ?”

“ಎಂತ ಒಳ್ಳೇದು? ಪೇಟೆಯವರೆಲ್ಲ ಒಂದೊಂದು ಸಲ ಕೊಟ್ಟಾಯ್ತು. ಅದೇ ಸೌಟು ತೋರಿಸಿ ಮತ್ತೆ ಕೇಳೋದು ಹೇಗೆ? ನೀವೂ ಕೈಬಿಟ್ರೆ ಇಲ್ಲಿಗೇ ನಿಂತು ಹೋಗ್ತದೆ.”

ಬಿಹಾರದವರ ಮನೆ ಇನ್ನೂ ಎದ್ದಿಲ್ಲ, ನಾವು ಆಗಲೇ ಕೂತಿದ್ದೆವು. ನನ್ನ ಹೊಟ್ಟೆಯುರಿ ಬೇರೆಯೇ ಇತ್ತು: ಒಂಬತ್ತು ಸಲ ಮಾರಾಟವಾದ ಸೌಟು ಒಂದು ದಿನವೂ ಸಾರು ಕಂಡಿಲ್ಲ. “ಪುಣ್ಯ ಬೇಕಾದವರಿಗೆ ಸಾಕು, ಇನ್ನು ಸೌಟು ಬೇಕಾದವರಿಗೆ ಮಾರಿ,” ಎಂದೆ. ಸಾಹೇಬರ ಸರಕಿನ ಮೋಟಾರು ಯಲ್ಲಾಪುರ ದಾಟಿ ಕಿರವತ್ತಿಗೆ ಹೋಗುತ್ತಿತ್ತು. ರಾಶಿಯನ್ನೆಲ್ಲ ಅದಕ್ಕೆ ಹೇರಿ, ಸಾಹೇಬರೇ ಜೊತೆಗೆ ಹೋದರು. ಬರಿದಾದ ಜಗಲಿ ನೋಡಿದ ಗಂಗಕ್ಕ ಮನೆಗೆ ಹೋಗಿ ಚಾಪೆಯ ಎಲೆ ನೆನೆಹಾಕಿದಳು.

ನಾಲ್ಕು ದಿನಕ್ಕೆ ಸಾಹೇಬರು ಮರಳಿದರು. ಒಂದೂ ಉಳಿದಿರಲಿಲ್ಲ. “ಕೊಂಡವರು ಏನಂದ್ರು?” ಎಂದು ಮೀಸೆ ತೀಡುತ್ತ ಕೇಳಿದೆ.

ಸಾಹೇಬರು ನಗು ತಡೆದರು. “ಕಟ್ಟಿಗೆ ಕಡಿಯೋರ ಬಿಡಾರದಲ್ಲಿ ಒಬ್ಬಳು ಅಜ್ಜಿ ಗಂಜಿ ಬಡಿಸುವಾಗ ಚಿಪ್ಪು ಗಂಜಿಯಲ್ಲೇ ಉಳೀತು, ಕೈಗೆ ಬರೀ ಕೋಲು ಬಂತು. ‘ಭೂಕಂಪ ಆಗಿದ್ದು ಬಿಹಾರದಾಗೋ, ನಿಮ್ಮ ಮೇಸ್ತ್ರಿ ಕೈಯಾಗೋ, ಕೇಳ್ಕೊಂಡು ಬರ್ರಿ’ ಅಂದ್ಳು.”

“ದುಡ್ಡು ವಾಪಸ್ ಕೇಳಿದ್ಳಾ?”

“ಇಲ್ಲ. ಕೀಲು ಬಡಿದು ಇನ್ನೊಂದು ಕಳಿಸ್ರಿ, ಅದಕ್ಕೂ ಕೊಡ್ತೀನಿ ಅಂದ್ಳು.”

ಧರ್ಮದ ಸೌಟು ತಾನೇ ಎಂದು ಅವಸರದಲ್ಲಿ, ಚಿಪ್ಪು ಕಳಚದಂತೆ ಹಿಡಿಗೆ ಬಡಿಯುವ ಕೀಲನ್ನು ಬಡಿಯದೆ ಬಿಟ್ಟದ್ದು ನಿಜ. ಈಗ ಬಡಿಯುತ್ತೇನೆ. ದಿನಕ್ಕೆ ಎರಡೇ ಆಗುತ್ತವೆ, ಆದರೆ ನಿಂತಿಲ್ಲ. ಸೌಟನ್ನು ಹೊಗಳಿ ಬಿಟ್ಟುಹೋದ ಪೇಟೆಯ ಪುಣ್ಯವಂತರನ್ನು ಈಗಲೂ ನೆನೆಯುತ್ತೇನೆ. ಅವರಿಗೆ ಪುಣ್ಯ ಎಷ್ಟು ಬಂತೋ ತಿಳಿಯದು. ಅವರ ದಯದಿಂದ ನನ್ನ ಮರ್ಯಾದೆ ಮಾತ್ರ ಎರಡು ವಾರ ಹೆಚ್ಚು ಬಾಳಿತು.