ಟ್ಯಾಕ್ಸಿಯವನಿಂದ ಮೋಸಹೋಗದಿರುವ ಬಗೆ

ಮೋಸಹೋಗುವುದಕ್ಕೂ ಒಬ್ಬರ ಜೊತೆ ಬೇಕು. ಒಂಟಿಯಾಗಿರುವವಳಿಗೆ ಮೋಸ ಮಾಡಲು ಯಾರು ಬರುತ್ತಾರೆ? ಕಾಲು ಕಿಲೋ ಟೊಮೇಟೊ ಕೊಳ್ಳುವವಳಿಗೆ ತರಕಾರಿಯವನು ತೂಕದಲ್ಲಿ ಎಷ್ಟು ಹೊಡೆದಾನು? ಸೇಲಂ ಬಳಿಯ ಕಡಯಂಪಟ್ಟಿಯ ಶಾಲೆಯಲ್ಲಿ ಭೂಗೋಳ ಪಾಠ ಮಾಡಿ ನಿವೃತ್ತಳಾದೆ. ಅದರ ಹಿಂದೆಯೇ ಯಜಮಾನರೂ ಲೋಕ ಬಿಟ್ಟು ಹೊರಟುಹೋದರು. ಮನೆಯಲ್ಲಿ ನನ್ನ ಕನ್ನಡ ಕೇಳುವ ಕಿವಿಗಳು ಇಲ್ಲವಾದವು. ಬೀದಿಯಲ್ಲಿ ನಮ್ಮ ಕನ್ನಡದವರ ಮನೆಗಳೇನೋ ಇವೆ, ಆದರೆ ಮಕ್ಕಳನ್ನು "ಉಂಡ್ಯೇನ್ಲಾ?" ಎಂದು ಕೇಳಿದರೆ "ಸಾಪ್ಟೇನ್ ಪಾಟಿ" ಎಂದು ತಮಿಳಿನಲ್ಲಿ ಹೇಳಿ ಓಡುತ್ತವೆ. ಉಳಿದ ಕನ್ನಡವನ್ನು ಕುಕ್ಕರಿನ ಜೊತೆ ಆಡುತ್ತೇನೆ. ಅದು ವಿಸಿಲ್ ಹಾಕಿ ಒಪ್ಪಿಕೊಳ್ಳುತ್ತದೆ.

ಹೀಗಿರುವಾಗ ನನ್ನ ಜೊತೆ ಪಾಠ ಮಾಡುತ್ತಿದ್ದ ವಸಂತಾ ಟೀಚರ್ ಮಲೇಷ್ಯಾ ನೋಡಿ ಬರೋಣವೆಂದಳು. ಟಿಕೆಟ್ ತೆಗೆದಾಯಿತು. ಹೊರಡುವ ವಾರ ಅವಳು ಬಚ್ಚಲಲ್ಲಿ ಜಾರಿ ಕಾಲು ಮುರಿದುಕೊಂಡಳು. "ನೀನಾದ್ರೂ ಓಗ್ಬಾರೇ" ಎಂದಳು. ಹೊರಟೆ.

ನನ್ನ ಮೈದುನ ಮಾದೇಶ ಓಮಲೂರಿನಲ್ಲಿ ಟ್ಯಾಕ್ಸಿ ಓಡಿಸುತ್ತಾನೆ. ಆದ್ದರಿಂದ ಟ್ಯಾಕ್ಸಿಯವರ ಮೋಸಗಳ ಬಗ್ಗೆ ಅವನ ಮಾತೇ ಪ್ರಮಾಣ. "ಅತ್ಗೆ, ಮೀಟ್ರಿಲ್ದಿರೋ ಗಾಡಿ ಅತ್ಬೇಡ. ಊರು ಕೇಳಿದ್ರೆ ಏಳ್ಬೇಡ. ಸಿರ್ಚಿಕೊಂಡು, ನಕ್ಕೊಂಡು ಮಾತಾಡ್ದ ಅಂದ್ರೆ ಸುತ್ತಾಕಿಸ್ತಾ ಅವ್ನೆ ಅಂತ್ಲೇ ಅರ್ಥ."

"ನಿನಗೆ ಇದೆಲ್ಲ ಹೇಗೋ ಗೊತ್ತು?" ಎಂದೆ. ಅವನಿಗೆ ಆಗಲೇ ಫೋನ್ ಬಂದುಬಿಟ್ಟಿತು.

ಅವನ ಹೆಂಡತಿ ನನ್ನ ಒಳಲಂಗಕ್ಕೆ ಜೇಬು ಹೊಲಿದು ಪಾಸ್‌ಪೋರ್ಟನ್ನು ಅದರಲ್ಲಿಡಿಸಿದಳು. ಕಳ್ಳರಿಂದ ಅದು ಎಷ್ಟು ಭದ್ರವಾಗಿತ್ತೆಂದರೆ, ವಿಮಾನ ನಿಲ್ದಾಣದಲ್ಲಿ ಅಧಿಕಾರಿ ಕೇಳಿದಾಗಲೆಲ್ಲ ನಾನು ಮರೆ ಹುಡುಕಿಕೊಂಡು ಓಡಬೇಕಾಯಿತು.

ಕ್ವಾಲಾಲಂಪುರದಲ್ಲಿ ನನ್ನಿಂದ ಯಾರೂ ಏನನ್ನೂ ಕದಿಯಲಿಲ್ಲ. ಯಾರೂ ಮಾತಾಡಿಸಲೂ ಇಲ್ಲ. ಚೀಲವನ್ನು ಎದೆಗೆ ಅವುಚಿಕೊಂಡು, ಎದುರು ಬಂದವರನ್ನೆಲ್ಲ ದುರುಗುಟ್ಟಿ ನೋಡುವ ಹೆಂಗಸನ್ನು ಯಾರು ಮಾತಾಡಿಸುತ್ತಾರೆ? ಹೋಟೆಲಿನ ಕೋಣೆಯಲ್ಲಿ ಕುಕ್ಕರ್ ಕೂಡ ಇರಲಿಲ್ಲ.

ಹೊರಡುವ ಹಿಂದಿನ ದಿನ ಪೇಟೆಯಿಂದ ಹೋಟೆಲಿಗೆ ಟ್ಯಾಕ್ಸಿ ಹತ್ತಿದೆ. ಮೀಟರ್ ಇತ್ತು. ಡ್ರೈವರ್ ನಲವತ್ತರ ಆಸುಪಾಸಿನವನು. ನಾನು ಹತ್ತುತ್ತಲೇ ಅವನು ನಗುತ್ತ, "ಅಮ್ಮಾ, ಎಂದ ಊರು?" ಎಂದು ತಮಿಳಿನಲ್ಲಿ ಊರು ಕೇಳಿದ. ಮಾದೇಶನ ಎರಡು ಲಕ್ಷಣಗಳು ಒಟ್ಟಿಗೇ ಕಂಡವು. ನಾನು ತುಟಿ ಬಿಗಿದೆ. ಅವನೊಬ್ಬನೇ ಮಾತಾಡುತ್ತ ಹೋದ. ಅಲ್ಲಿನ ಅವಳಿ ಗೋಪುರ ಮೊದಲು ಬಲಗಡೆ ಕಂಡಿತು, ಸ್ವಲ್ಪ ಹೊತ್ತಿಗೆ ಎಡಗಡೆ, ಮತ್ತೆ ಬಲಗಡೆ. ಗೋಪುರಗಳು ಓಡಾಡುವುದಿಲ್ಲವೆಂದು ತಿಳಿಯುವಷ್ಟು ಭೂಗೋಳ ನನಗೆ ಗೊತ್ತು.

ಗದರಿಸಬೇಕೆಂದಿದ್ದೆ. ಆದರೆ ನನಗೇ ಗೊತ್ತಿಲ್ಲದೆ ಬಾಯಿಂದ "ಸೇಲಂ ಕಡೆ" ಎಂದು ಬಂದುಬಿಟ್ಟಿತು.

"ನಮ್ಮ ಪಾಟಿಯೂ ಸೇಲಂ ಕಡೆಯವಳೇ!" ಎಂದ. ಮಧುರೆ ಎಂದಿದ್ದರೆ ಇವನ ಅಜ್ಜಿ ಮಧುರೆಯವಳಾಗುತ್ತಿದ್ದಳು ಎಂದುಕೊಂಡೆ. ಅವನು ಮುಂದುವರಿಸಿದ: "ತೋಟದ ಕೆಲಸಕ್ಕೆ ಬಂದವಳಮ್ಮಾ. ಅವಳು ಆಡುತ್ತಿದ್ದದ್ದು ತಮಿಳಲ್ಲ. ಏನೋ ಬೇರೆ. ನನಗೆ ಒಂದೇ ಒಂದು ನೆನಪಿದೆ, ದಿನಾ ಬೆಳಿಗ್ಗೆ ಅದನ್ನು ಹೇಳಿಯೇ ಎಬ್ಬಿಸುತ್ತಿದ್ದಳು." ಸ್ವಲ್ಪ ತಡವರಿಸಿ ಹೇಳಿದ: "ಎದ್ದೇಳ್ಲಾ, ಒತ್ತುಟ್ತು."

ಹೊತ್ತು ಹುಟ್ಟಿತು. ಇದನ್ನು ಯಾವ ಮೋಸಗಾರನೂ ಕಲಿತಿರಲಾರ. ಇದರಿಂದ ಯಾರಿಗೂ ಲಾಭವಿಲ್ಲ. ನಾನು ಅವನಿಗೆ ಅರ್ಥ ಹೇಳಿದೆ. "ಅಷ್ಟೇನಾ?" ಎಂದ. ಆಮೇಲೆ ಇನ್ನೂ ಒಂದೆರಡು ಮಾತು ಹೇಳಿಕೊಡಿ ಎಂದ. ಹೇಳಿಕೊಟ್ಟೆ. ತಪ್ಪು ತಪ್ಪಾಗಿ ಹೇಳಿದ. ತಿದ್ದಿದೆ. ಅಷ್ಟರಲ್ಲಿ ಹಾಳು ಹೋಟೆಲು ಬಂದುಬಿಟ್ಟಿತು.

"ಗೋಪುರ ಸರಿಯಾಗಿ ಕಾಣಲಿಲ್ಲ, ಇನ್ನೊಂದು ಸುತ್ತು ಹೊಡಿಯಪ್ಪ" ಎಂದೆ.

ಅವನ ಮುಖ ಸಪ್ಪಗಾಯಿತು. "ತಪ್ಪಾಯ್ತಮ್ಮಾ, ದೂರು ಕೊಡಬೇಡಿ" ಎಂದ. ದೂರಲ್ಲ, ನಿಜವಾಗಿಯೇ ಹೇಳುತ್ತಿದ್ದೇನೆಂದು ಅವನನ್ನು ನಂಬಿಸುವುದೇ ಕಷ್ಟವಾಯಿತು. ಕೊನೆಗೆ ಮೀಟರ್ ಹಾಕದೆ ಹೊರಟ.

"ಹಾಕಯ್ಯ. ಮೀಟರ್ ಇಲ್ಲದ ಗಾಡಿಯಲ್ಲಿ ಕೂರಬಾರದೆಂದು ನನ್ನ ಮೈದುನ ಹೇಳಿದ್ದಾನೆ" ಎಂದೆ.

ಬೆಂಗಳೂರಿನಲ್ಲಿ ಇಳಿದಾಗ ಮಾದೇಶನೇ ಕಾರು ತಂದಿದ್ದ. ಧರ್ಮಪುರಿ ದಾಟಿ ತೊಪ್ಪೂರು ಘಾಟಿನಲ್ಲಿ ಲಾರಿಗಳ ಹಿಂದೆ ತೆವಳುತ್ತಿದ್ದಾಗ ಕೇಳಿದ: "ಯಾವ್ನಾದ್ರೂ ಏಮಾತಿದ್ನಾ ಅತ್ಗೆ?"

"ಯಾರೂ ಮೋಸ ಮಾಡಲಿಲ್ಲಪ್ಪ."

"ನಾ ಏಳ್ಕೊಟ್ಟಂಗೆ ನೀ ನಡ್ಕೊಂಡೆ, ಅದ್ಕೇ" ಎಂದು ಬೀಗಿದ.

ಘಾಟ್ ಇಳಿದರೆ ಮನೆ ಬಂದೇಬಿಡುತ್ತದೆ. "ಮಾದೇಶ, ಪಾಲಕೋಡಿನ ಮೇಲೆ ಸುತ್ತಿಕೊಂಡು ಬರಬಹುದಿತ್ತಲ್ಲೋ?" ಎಂದೆ.

ಅವನು ಕನ್ನಡಿಯಲ್ಲಿ ನನ್ನನ್ನೇ ನೋಡಿದ. ಬಾಡಿಗೆ ಓಡಿಸಲು ಶುರುಮಾಡಿದ ಮೇಲೆ ಹೀಗೆ ಕೇಳಿದ ಗಿರಾಕಿ ಅವನಿಗೆ ಸಿಕ್ಕಿರಲಿಲ್ಲವೆಂದು ಕಾಣುತ್ತದೆ.